ಹಲಗೆಯ ಬೆನ್ನು

ಮಾರ್ಚ್ ೧೧, ರಾತ್ರಿ ಎರಡೂಕಾಲು. ಮಗು ನಿದ್ದೆಗಣ್ಣಲ್ಲೇ ಮರದ ಗಿಲಕಿಯನ್ನು ತೊಟ್ಟಿಲಿಗೆ ಬಡಿದ ಸದ್ದಿಗೆ ಎಚ್ಚರವಾಯಿತು. ಬಡಗಿ ಚಿಕ್ಕಪ್ಪ ಮಾಡಿಕೊಟ್ಟ ಗಿಲಕಿ. ಅದನ್ನು ನೋಡಲೂ ನಾಚಿಕೆ.

ಒಲೆಯಲ್ಲಿ ಕಾಯಿಸಿದ ಮರದ ಕಂದುಬಣ್ಣ ಬಿಸಿಲು ಮಳೆಗೆ ನಿಲ್ಲುತ್ತದೆಯೇ ಎಂದು ನಮ್ಮ ಲ್ಯಾಬಿನ ತಾರಸಿಯ ಮೇಲೆ ವರ್ಷವಿಡೀ ಹಲಗೆಗಳನ್ನಿಟ್ಟಿದ್ದೆವು. ಬಣ್ಣ ಅಳೆಯುವ ದಿನ ಯಾರೋ ಅವನ್ನು ಕೆಳಗಿಳಿಸಿ ಬೋರಲು ಜೋಡಿಸಿದ್ದರು. ಮಗುವಿಗೆ ಜ್ವರವೆಂದು ಫೋನ್ ಬಂದ ಗಡಿಬಿಡಿಯಲ್ಲಿ ನಾನು ಮೇಲೆ ಕಂಡ ಬೆನ್ನನ್ನೇ ಅಳೆದುಬಿಟ್ಟೆ. ನಿನ್ನೆ ಮಗುಚಿ ನೋಡಿದರೆ ಬಿಸಿಲು ಕಂಡ ಮುಖವೆಲ್ಲ ಬೂದಿಬಣ್ಣ.

ಅಷ್ಟರಲ್ಲಿ ಆ ಅಳತೆ ನಂಬಿ ಚಿಕ್ಕಪ್ಪನಿಗೆ ದೊಡ್ಡದಾಗಿ ಹೇಳಿಯಾಗಿತ್ತು: "ಎಣ್ಣೆಗಿಣ್ಣೆ ಏನೂ ಬಳೀಬೇಡಿ, ಬಣ್ಣ ಹೋಗಲ್ಲ."

"ಓದಿದೋಳು ನೀನು, ನಿನ್ ಮಾತು ಮೀರ್ತೀನಾ ತಾಯಿ!" ಎಂದು ನಕ್ಕಿದ್ದರು.

ಬೆಳಗ್ಗೆ ಆರಕ್ಕೆ ಅವರು ಶಾಲೆಯ ಹೊರಗೋಡೆಗೆ ಅದೇ ಮರದ ಹಲಗೆ ಬಡಿಯಲು ಶುರುಮಾಡುತ್ತಾರೆ. ವರ್ಷದೊಳಗೆ ಊರೆಲ್ಲ ಅವರ ಕೈಕೆಲಸವನ್ನೇ ಆಡಿಕೊಳ್ಳುತ್ತದೆ. ನಿನ್ನೆ ಸಂಜೆ ಮೂರು ಸಲ ಫೋನ್ ಎತ್ತಿಕೊಂಡೆ, ನಾಚಿಕೆಯಿಂದ ಮೂರು ಸಲವೂ ಕೆಳಗಿಟ್ಟೆ.

ರೀ, ನೀವು ಈ ಡೈರಿಯನ್ನು ಕದ್ದು ಓದುತ್ತೀರೆಂದು ಗೊತ್ತು. ಇವತ್ತು ನಿಮ್ಮ ದಿಂಬಿನ ಮೇಲೆ ತೆರೆದೇ ಇಡುತ್ತೇನೆ, ಬೈಯುವುದಿಲ್ಲ. ರಾತ್ರಿಪಾಳಿ ಮುಗಿಸಿ ಬಂದ ಕೂಡಲೇ, ಬೆಳಕು ಹರಿಯುವ ಮೊದಲು, ಚಿಕ್ಕಪ್ಪನಿಗೆ ಫೋನ್ ಮಾಡಿ. ಬಿಸಿಲು ತಡೆಯುವ ಎಣ್ಣೆ ಬಳಿಯದೆ ಒಂದು ಮೊಳೆಯನ್ನೂ ಹೊಡೆಯಬೇಡಿ ಅನ್ನಿ. ತಪ್ಪು ನನ್ನದೇ ಅಂತಲೂ ಹೇಳಿ. ದಮ್ಮಯ್ಯ, ಆರಕ್ಕೆ ಮುಂಚೆ ಮಾಡಿ.