ಅಕ್ಕನ ಬೈಗುಳ

ನವೆಂಬರ್ ೨೧, ಶುಕ್ರವಾರ

ನಾನು ಬರೆಯುತ್ತಿರುವ ಕಾದಂಬರಿಯ ಅಕ್ಕತಂಗಿಯರು ಇವತ್ತೂ ತಾವಾಗಿ ಬಾಯಿ ಬಿಡಲಿಲ್ಲ. ತಿಂಗಳೊಳಗೆ ಕರಡು ಮುಗಿಸುತ್ತೇನೆಂದು ಗೆಳತಿಯರ ಮುಂದೆ ಪಂಥ ಕಟ್ಟಿದವಳು ನಾನೇ. ಹಿಂದೆ ತಿರುಗಿ ಓದಬಾರದು, ತಿದ್ದಬಾರದು, ದಿನಕ್ಕಿಷ್ಟು ಪುಟ ಎಂದು ಬರೆಯುತ್ತಲೇ ಇರಬೇಕು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬಂದವಳಿಗೆ ಮಾತು ಹುಟ್ಟಿಸುವ ತ್ರಾಣ ಎಲ್ಲಿಂದ ಬರಬೇಕು?

ಅದಕ್ಕೇ ಕಳ್ಳದಾರಿ ಹಿಡಿದಿದ್ದೆ. ಅಕ್ಕ ಆಸ್ಪತ್ರೆಯ ಲಾಂಡ್ರಿಯಿಂದ ಬರುತ್ತಲೇ ಒದ್ದೆ ಟವೆಲ್ಲೋ, ಹಾಕದ ಚಿಲಕವೋ, ಏನಾದರೊಂದು ನೆಪ ತೆಗೆದು ಕೆಣಕುವುದು. ಅವಳು ಬೈದದ್ದನ್ನು ಹಾಗೇ ಪುಟಕ್ಕೆ ಇಳಿಸುವುದು. ಅವಳಿಗೆ ಗೊತ್ತಿಲ್ಲವೆಂದುಕೊಂಡಿದ್ದೆ.

ಇವತ್ತು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಎಷ್ಟು ಪುಟ ಬಾಕಿ? ಬೇಗ ಜಗಳ ತೆಗಿ, ನಂಗೆ ನಿದ್ದೆ ಬರ್ತಿದೆ."

ನಾನು ನೆಪ ಹುಡುಕುವಷ್ಟರಲ್ಲಿ ಅವಳೇ ಗೋಡೆಗೆ ಒರಗಿ ಕೂತು ಶುರು ಮಾಡಿದಳು. ನನ್ನ ಸೋಮಾರಿತನ, ನನ್ನ ಅಡುಗೆ, ಅರ್ಧಕ್ಕೇ ಬಿಟ್ಟ ಈಜಿನ ಕ್ಲಾಸು, ಒಂದನ್ನೂ ಬಿಡಲಿಲ್ಲ. ನಡುನಡುವೆ "ಬರ್ಕೊಂಡ್ಯಾ?" ಎಂದು ನಿಲ್ಲಿಸಿ ಕಾಯುತ್ತಿದ್ದಳು. ನಾನು ನಗುತ್ತಲೇ ಬರೆದುಕೊಂಡೆ.

ಕೊನೆಗೆ ಕಣ್ಣು ಮುಚ್ಚಿಕೊಂಡೇ ಅಂದಳು, "ಜಗಳ ಬಿಟ್ರೆ ಬೇರೆ ಏನೂ ಮಾತಾಡಿಲ್ಲ ಕಣೇ ನೀನು ನನ್ನ ಹತ್ರ, ಈ ತಿಂಗಳು."

ಈ ಸಲ "ಬರ್ಕೊಂಡ್ಯಾ" ಎಂದು ಕೇಳಲಿಲ್ಲ. ಕೂತಲ್ಲೇ ನಿದ್ದೆ ಹೋಗಿದ್ದಾಳೆ.

ಇವತ್ತಿನ ಪಾಲು ಮುಗಿಯಲು ಒಂದೇ ಒಂದು ಸಾಲು ಕಡಿಮೆ. ಆ ಮಾತನ್ನು ಹಾಕಿದರೆ ಪುಟ ತುಂಬುತ್ತದೆ. ಕೈ ಏಳುತ್ತಿಲ್ಲ.