ತಮ್ಮನಿಗೆ ಹೇಳಬೇಡ ಅಂದಿದ್ದೆ

ಅವ್ವಾ,

ನೀನಿದ್ದಾಗ ಈ ಮಾತು ಬಾಯಿಗೆ ಬರಲಿಲ್ಲ. ತಮ್ಮ ಸಂಗಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ನೆನಪಿದೆಯಾ, ಎಂಟನೇ ಇಯತ್ತೆಯಲ್ಲಿ ನಾನು ಶಾಲೆಯ ಪ್ರವಾಸಕ್ಕೆ ದುಡ್ಡು ಕೇಳಿದ್ದು? ಬನಹಟ್ಟಿಯ ಮನೆಯಲ್ಲಿ ಮಗ್ಗದ ಪಕ್ಕ ಕುಳಿತು ನೀನು ನೂಲು ಸುತ್ತುತ್ತಿದ್ದೆ. ತಲೆ ಎತ್ತದೆ, “ರೊಕ್ಕ ಇಲ್ಲ ನನ್ನವ್ವಾ. ನೇಯ್ದ ಸೀರಿ ಹಂಗ ಬಿದ್ದಾವು, ಯಾರೂ ಒಯ್ದಿಲ್ಲ” ಎಂದೆ. ನಾನು ಹೋಗಲಿಲ್ಲ. ಮೂರು ವರ್ಷದ ಮೇಲೆ ಸಂಗಪ್ಪ ಅದೇ ಪ್ರವಾಸಕ್ಕೆ ಕೇಳಿದ. ನೀನು “ಹೋಗಿ ಬಾರಪಾ” ಎಂದೆ, ಅಷ್ಟೆ. ಆ ವಾರ ನಿನ್ನ ಕಿವಿ ಬರಿದಾಗಿತ್ತು. ಅವನು ಗಮನಿಸಲೂ ಇಲ್ಲ. “ಬೆಂಡ್ವಾಲಿ ಮಾರಿದ್ದು ಅವಂಗ ಹೇಳಬ್ಯಾಡ, ಮನಸಿಗೆ ಹಚ್ಕೋತಾನ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದೆ. ನನಗೆ ಮನಸ್ಸು ಇರಲಿಲ್ಲವೇ ಅವ್ವಾ?

ಅವನು ಜಮಖಂಡಿಯ ಕಾಲೇಜು ಸೇರಿದಾಗ ಬೈಕು ಬಂತು. ಅದೇ ಕಾಲೇಜಿಗೆ ನಾನು ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿದ್ದೆ. ಅವನು ನನ್ನನ್ನು ಹಿಂದೆ ಕೂರಿಸಿಕೊಂಡು ಪೇಟೆ ಸುತ್ತಿಸಿದ ದಿನ, ಆ ಬೆನ್ನಿಗೆ ಒಂದು ಗುದ್ದು ಕೊಡಬೇಕು ಅನ್ನಿಸಿತ್ತು.

ನೀನು ಹೋಗಿ ತಿಂಗಳಾಗಿತ್ತು. ನಿನ್ನ ಟ್ರಂಕು ತೆಗೆದು ಇಬ್ಬರೂ ಸೀರೆ ಮಡಚುತ್ತಿದ್ದೆವು. ತಡೆಯಲಾಗದೆ ಅಂದುಬಿಟ್ಟೆ: “ನಿನಗೇನಪಾ, ಕೇಳಿದ್ದೆಲ್ಲಾ ಸಿಕ್ತು. ನಿನ್ನ ಸಲುವಾಗಿ ಅವ್ವ ಬೆಂಡ್ವಾಲಿ ಸೈತ ಮಾರಿದ್ಲು.”

ಅವನ ಕೈ ನಿಂತಿತು.

“ಇದನ್ನೂ ನಿನಗಷ್ಟ ಹೇಳಿದ್ಲೇನ? ನೀವಿಬ್ಬರೂ ಏನೋ ಮಾತಾಡಾಕತ್ತಿರ್ತಿದ್ರಿ, ನಾ ಬಂದ ಕೂಡ್ಲೆ ಸುಮ್ಮನಾಗ್ತಿದ್ರಿ. ನಿನ್ನ ಮ್ಯಾಲ ನನಗೆಷ್ಟ ಹೊಟ್ಟಿಕಿಚ್ಚಿತ್ತು ಗೊತ್ತೈತೇನಕ್ಕಾ? ನನಗ ಬರೇ ರೊಕ್ಕ ಕೊಟ್ಲು. ಖರೆ ಮಾತು ಒಂದಿನಾನೂ ಹೇಳಲಿಲ್ಲ.”

ಅವನು ಅತ್ತ. ನನಗೆ ಸಮಾಧಾನವಾಯಿತು. ಆಗಬಾರದಿತ್ತು, ಆದರೂ ಆಯಿತು.

ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಇಲ್ಲಿ ಮುಧೋಳದಲ್ಲಿ ನಾನೂ ನಿನ್ನಂತೆಯೇ ಮಾಡುತ್ತಿದ್ದೆ. ಮಗಳು ಭಾಗ್ಯಳಿಗೆ ಎಲ್ಲ ಹೇಳುವುದು, ಮಗನಿಗೆ “ನೋಡೂಣು” ಎನ್ನುವುದು. ಕಳೆದ ಭಾನುವಾರ ಅವನು ಹೊಸ ಸೈಕಲ್ ಕೇಳಿದ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನನ್ನ ಹೊಲಿಗೆಯಿಂದ ಎಷ್ಟು ಬರುತ್ತದೆ, ಅವರಪ್ಪನ ಪಗಾರ ಎಷ್ಟು, ಎಲ್ಲ ಹೇಳಿದೆ. ಮಗ, “ಹಂಗಾರ ಹಳೇದನ್ನ ರಿಪೇರಿ ಮಾಡ್ಸೂಣು” ಎಂದ. ಎಷ್ಟು ಹಿಗ್ಗಿದೆ ಗೊತ್ತಾ!

ಭಾಗ್ಯ ಮಾತ್ರ ಮುಖ ಊದಿಸಿಕೊಂಡು ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು.

“ಅವಂಗ್ಯಾಕ ಹೇಳಿದಿ ಬೇ? ಇಷ್ಟ ದಿನಾ ನನಗಷ್ಟ ಹೇಳ್ತಿದ್ದಿ!”

ಅವ್ವಾ, ಅಂದು ನೀನು ಸಂಗಪ್ಪನಿಗೂ ಹೇಳಿದ್ದರೆ, ನಾನೂ ಹೀಗೇ ನಿನ್ನ ಮುಂದೆ ಬಂದು ನಿಲ್ಲುತ್ತಿದ್ದೆ.

ನಿನ್ನ ಮಗಳು