ಹಿಂದೆ ನಿಂತ ಪೈಲ್ವಾನ

ಅಪ್ಪಾ,

ನೀನು ನಮ್ಮನ್ನು ಬಿಟ್ಟುಹೋದ ವರ್ಷವೇ ಕೈಕೊಟ್ಟಿದ್ದ ನಿನ್ನ ಹಳೇ ಕಾರಿಗೆ ಇವತ್ತು ಬೇರೆ ಎಂಜಿನ್ ಕೂರಿಸಿದೆವು. ಅದೇ ಮಾಡೆಲ್‌ನದು ಸಿಗಲು ಏಳು ತಿಂಗಳು ಹಿಡಿಯಿತು. ಮೆಕ್ಯಾನಿಕ್ ಅದನ್ನು ಸರಪಳಿಯಲ್ಲಿ ತೂಗುಹಾಕಿ ಒಳಗಿಳಿಸಿದ.

ಎಲ್ಲ ಬೋಲ್ಟ್ ಬಿಗಿದು, ಅವನು ಒಳಗೆ ಕೂತು ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಮೇಡಂ, ಹಿಂದ್ಗಡೆ ಏನ್ಮಾಡ್ತಿದ್ದೀರಾ?" ಅಂದ.

ನೋಡಿಕೊಂಡರೆ, ನಾನು ಡಿಕ್ಕಿಗೆ ಎರಡೂ ಕೈ ಕೊಟ್ಟು ತಳ್ಳಲು ತಯಾರಾಗಿ ನಿಂತಿದ್ದೆ.

ಚಿಕ್ಕವಳಿದ್ದಾಗ, ಶಾಲೆಯ ಗೇಟಿನೆದುರು ಈ ಕಾರು ಸ್ಟಾರ್ಟ್ ಆಗದೆ ತಳ್ಳಬೇಕಾದಾಗಲೆಲ್ಲ ನನ್ನ ಮುಖ ಊದಿಕೊಳ್ಳುತ್ತಿತ್ತು. ನೀನು ಮಾತ್ರ ಸ್ಟೇರಿಂಗ್ ಹಿಡಿದೇ ಹಿಂತಿರುಗಿ ನೋಡಿ, "ಇನ್ನೊಂಚೂರು, ನನ್ನ ಪೈಲ್ವಾನಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಬಂದದ್ದೇ ನಾನು ಬಸ್ಸು ಹತ್ತಿದೆ. ಆಮೇಲೆ ಕಾರನ್ನು ಯಾರು ತಳ್ಳುತ್ತಿದ್ದರೋ, ಒಂದು ದಿನವೂ ಕೇಳಲಿಲ್ಲ.

"ಆಫ್ ಮಾಡಿ ಸೆಕೆಂಡ್ ಗೇರ್‌ಗೆ ಹಾಕು, ತಳ್ತೀನಿ," ಎಂದು ಮೆಕ್ಯಾನಿಕ್‌ಗೆ ಹೇಳಿದೆ.

"ಚೆನ್ನಾಗೇ ಸ್ಟಾರ್ಟ್ ಆಗ್ತಿದೆಯಲ್ಲ ಮೇಡಂ!"

"ಗೊತ್ತು. ಹಾಕು."

ತಳ್ಳಿದೆ. ಗ್ಯಾರೇಜು ದಾಟಿ ರಸ್ತೆಗೆ ಬರುವಷ್ಟರಲ್ಲಿ ಎಂಜಿನ್ ಗುರ್ ಎಂದು ಶುರುವಾಯಿತು. ನೀನೇ ಬೆಳೆಸಿದ ಕಸುವು ಈ ತೋಳಿನಲ್ಲಿ ಹಾಗೇ ಇದೆ, ಅಪ್ಪಾ. ಇನ್ನೊಂಚೂರು ಅಂತ ನೀನು ಕೂಗಿದ್ದರೆ, ಊರಾಚೆವರೆಗೂ ತಳ್ಳುತ್ತಿದ್ದೆ.